ಐದು ಪೆಟ್ಟುಗಳ ಮೇಲೆ ಕಟ್ಟಿದ ಜಾಝ್

ಕ್ಯೂಬಾದ ತಾಳಗಳನ್ನೂ ಅಮೆರಿಕದ ಕಪ್ಪು ಜನರ ಜಾಝನ್ನೂ ಬೆಸೆದು ‘ಆಫ್ರೋ-ಕ್ಯೂಬನ್ ಜಾಝ್’ ಎಂಬ ಸಂಗೀತಕ್ಕೆ ರೂಪ ಕೊಟ್ಟವರಲ್ಲಿ ಮೊದಲು ನೆನೆಯಬೇಕಾದ ಹೆಸರು ಮಾರಿಯೋ ಬೌಸಾ ಅವರದು. ಅವರು ಟ್ರಂಪೆಟ್ ನುಡಿಸಿದರು, ಸ್ಯಾಕ್ಸೊಫೋನ್ ಮತ್ತು ಕ್ಲಾರಿನೆಟ್ ನುಡಿಸಿದರು, ಸ್ವರ ಸಂಯೋಜಿಸಿದರು, ಮೂರು ದಶಕಗಳಿಗೂ ಹೆಚ್ಚು ಕಾಲ ಒಂದು ದೊಡ್ಡ ವಾದ್ಯವೃಂದವನ್ನು ನಡೆಸಿದರು. ಆದರೂ ಈ ಸಂಗೀತದ ಮಾತು ಬಂದಾಗ ಜನರ ಬಾಯಲ್ಲಿ ಮೊದಲು ಬರುವುದು ಡಿಜ್ಜಿ ಗಿಲೆಸ್ಪಿ, ಮಚೀತೊ, ಚಾನೊ ಪೊಸೊ ಇವರ ಹೆಸರುಗಳು. ಆ ಮೂವರ ಕಥೆಗಳನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಮೂರೂ ಬೌಸಾ ಅವರ ಬಾಗಿಲಿಗೇ ಬಂದು ಮುಟ್ಟುತ್ತವೆ.

ಬೌಸಾ ಹುಟ್ಟಿದ್ದು 1911ರ ಏಪ್ರಿಲ್ 28ರಂದು, ಕ್ಯೂಬಾದ ರಾಜಧಾನಿ ಹವಾನಾದಲ್ಲಿ. ಬೆಳೆದದ್ದು ಹೆತ್ತವರ ಮನೆಯಲ್ಲಲ್ಲ, ಕ್ರೈಸ್ತರ ಪದ್ಧತಿಯಂತೆ ಧರ್ಮಪಿತನಾಗಿ ನಿಂತವರ ಮನೆಯಲ್ಲಿ. ಅವರು ಸಂಗೀತದ ಮೇಷ್ಟ್ರು. ಸ್ವರ ಓದುವುದು, ಸ್ವರ ಬರೆಯುವುದು ಹುಡುಗನಿಗೆ ಅಕ್ಷರಾಭ್ಯಾಸದ ಜೊತೆಗೇ ಬಂತು. ಇನ್ನೂ ಚಿಕ್ಕ ವಯಸ್ಸಿನಲ್ಲೇ ಹವಾನಾದ ಫಿಲ್‌ಹಾರ್ಮೊನಿಕ್ ವಾದ್ಯವೃಂದದಲ್ಲಿ ಕ್ಲಾರಿನೆಟ್ ಹಿಡಿದು ಕೂರುವಷ್ಟು ಪಳಗಿದ. ಯುರೋಪಿನ ಶಾಸ್ತ್ರೀಯ ಸಂಗೀತದ ಶಿಸ್ತು ಮೈಗೂಡಿದ್ದು ಅಲ್ಲಿ. ಮನೆಯ ಹೊರಗೆ ಕೇಳಿಸುತ್ತಿದ್ದದ್ದು ಮಾತ್ರ ಬೇರೆಯೇ. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ. ಕಬ್ಬಿನ ಗದ್ದೆಗಳಿಗೆ ಹಿಡಿದು ತಂದ ಯೊರುಬಾ, ಕಾಂಗೋ ಮೊದಲಾದ ಜನರ ಮಕ್ಕಳು ಮೊಮ್ಮಕ್ಕಳು ತಮ್ಮ ದೈವಗಳ ಡೋಲನ್ನೂ ಅದರ ಲೆಕ್ಕವನ್ನೂ ಬಿಟ್ಟಿರಲಿಲ್ಲ. ಹವಾನಾದ ವಠಾರಗಳ ಅಂಗಳದಲ್ಲಿ ಆ ಡೋಲು ದಿನವೂ ಮೊಳಗುತ್ತಿತ್ತು. ಊರಿನ ಮರ್ಯಾದಸ್ಥರ ನೃತ್ಯಸಭೆಗಳ ಒಳಗೆ ಅದಕ್ಕೆ ಜಾಗವಿರಲಿಲ್ಲ.

1926ರಲ್ಲಿ, ಹದಿನೈದರ ಹರೆಯದಲ್ಲಿ, ಪಿಯಾನೊ ವಾದಕ ಆಂತೊನಿಯೊ ಮರೀಯ ರೊಮೇಊ ಅವರ ತಂಡದೊಂದಿಗೆ ಧ್ವನಿಮುದ್ರಣಕ್ಕೆಂದು ಬೌಸಾ ನ್ಯೂಯಾರ್ಕಿಗೆ ಹೋದರು. ತಂಗಿದ್ದು ಹಾರ್ಲೆಮ್‌ನಲ್ಲಿ, ನೆಂಟರ ಮನೆಯಲ್ಲಿ. ಅಲ್ಲಿ ಎರಡು ಅನುಭವಗಳು ಅವರ ದಾರಿಯನ್ನು ಬದಲಿಸಿದವು. ಒಂದು, ಪಾಲ್ ವೈಟ್‌ಮನ್ ಅವರ ವಾದ್ಯವೃಂದ ನುಡಿಸಿದ ಗರ್ಶ್ವಿನ್‌ರ ‘ರ‍್ಯಾಪ್ಸೊಡಿ ಇನ್ ಬ್ಲೂ’ ಕೇಳಿದ್ದು. ಅದರಲ್ಲಿನ ಸ್ಯಾಕ್ಸೊಫೋನಿನ ದನಿ ಕ್ಲಾರಿನೆಟ್ ವಾದಕನ ಮನಸ್ಸನ್ನು ಹಿಡಿದುಬಿಟ್ಟಿತು. ಇನ್ನೊಂದು, ಹಾರ್ಲೆಮ್ ಎಂಬ ಆ ಬಡಾವಣೆಯೇ. ತಮ್ಮಂಥದೇ ಬಣ್ಣದ ಜನ ತಮ್ಮದೇ ನಾಟಕಶಾಲೆ, ತಮ್ಮದೇ ನೃತ್ಯಮಂದಿರ, ತಮ್ಮದೇ ವಾದ್ಯವೃಂದ ಕಟ್ಟಿಕೊಂಡು ತಲೆಯೆತ್ತಿ ಓಡಾಡುವ ಬೀದಿಗಳನ್ನು ಹವಾನಾದ ಹುಡುಗ ಅದಕ್ಕೆ ಮೊದಲು ಕಂಡಿರಲಿಲ್ಲ. ಊರಿಗೆ ಮರಳಿದವರು ಸ್ಯಾಕ್ಸೊಫೋನ್ ಅಭ್ಯಾಸಕ್ಕೆ ಕುಳಿತರು, 1930ರಲ್ಲಿ ಮತ್ತೆ ನ್ಯೂಯಾರ್ಕಿನ ಹಡಗು ಹತ್ತಿದರು.

ಅದೇ ವರ್ಷ ಕ್ಯೂಬಾದ ದೋನ್ ಆಸ್ಪಿಯಾಸು ಅವರ ತಂಡ ನ್ಯೂಯಾರ್ಕಿನಲ್ಲಿ ‘ಎಲ್ ಮನಿಸೇರೊ’, ಅಂದರೆ ಕಡಲೆಕಾಯಿ ಮಾರುವವನ ಹಾಡನ್ನು ಮುದ್ರಿಸಿತು. ಅದು ಅಮೆರಿಕದ ಮನೆಮನೆಯಲ್ಲೂ ಕೇಳಿಸಿತು. ಅದನ್ನು ಹಾಡಿದ ಆಂತೊನಿಯೊ ಮಚೀನ್ ನಾಲ್ಕು ಜನರ ಚಿಕ್ಕ ತಂಡ ಕಟ್ಟಿದಾಗ ಟ್ರಂಪೆಟ್ ನುಡಿಸುವವರ ಕೊರತೆ ಬಿತ್ತು. ವಾದ್ಯವೊಂದನ್ನು ಕೊಡಿಸಿದರೆ ತಾನೇ ನುಡಿಸುವೆನೆಂದು ಬೌಸಾ ಒಪ್ಪಿಕೊಂಡರು. ಎರಡೇ ವಾರದಲ್ಲಿ ಕಲಿತು ಮುದ್ರಣಕ್ಕೆ ನಿಂತದ್ದಾಗಿ ಮುಂದೆ ಅವರೇ ಹೇಳುತ್ತಿದ್ದರು. ತುಟಿಯ ಪಟ್ಟು ಪಳಗಲು ವರ್ಷಗಳು ಬೇಕಾಗುವ ವಾದ್ಯವದು. ಹಿತ್ತಾಳೆಯ ಕೊಳವೆ ಹೊಸದಾಗಿದ್ದರೂ ಅದರಲ್ಲಿ ಊದಬೇಕಾದ ಸಂಗೀತ ಆಗಲೇ ಒಳಗೆ ತುಂಬಿತ್ತು ಎಂಬುದಷ್ಟೇ ಇದಕ್ಕೆ ಕೊಡಬಹುದಾದ ಸಮಾಧಾನ.

1933ರಲ್ಲಿ ಬೌಸಾ ಡ್ರಮ್ಸ್ ವಾದಕ ಚಿಕ್ ವೆಬ್ ಅವರ ವಾದ್ಯವೃಂದ ಸೇರಿದರು. ಹಾರ್ಲೆಮ್‌ನ ಸವಾಯ್ ಬಾಲ್‌ರೂಮ್‌ನಲ್ಲಿ ಆ ತಂಡದ ಎದುರು ಸ್ಪರ್ಧೆಗೆ ನಿಲ್ಲಲು ಬೇರೆ ತಂಡಗಳು ಅಳುಕುತ್ತಿದ್ದ ಕಾಲ ಅದು. ವೆಬ್ ಹೊಸಬನ ಕೈಹಿಡಿದು ಕಲಿಸಿದರು. ಬೌಸಾ ಸ್ವರವನ್ನು ತಪ್ಪಿಲ್ಲದೆ ಓದುತ್ತಿದ್ದರು, ಆದರೆ ಅವರ ವಾದನದಲ್ಲಿ ಅಮೆರಿಕದ ಸೊಗಡು ಇರಲಿಲ್ಲ. ಪರವೂರಿನವರು ಕನ್ನಡ ಕಲಿತು ವ್ಯಾಕರಣಶುದ್ಧವಾಗಿ ಮಾತಾಡಿದಾಗಲೂ ಎಳೆತ ಬೇರೆಯಾಗಿ ಕೇಳುವುದಿಲ್ಲವೇ, ಹಾಗೆ. ತಾಲೀಮಿಗೆ ಮುಂಚಿತವಾಗಿ ಕರೆಸಿ, ಯಾವ ಸ್ವರವನ್ನು ಒತ್ತಬೇಕು, ಯಾವುದನ್ನು ತೇಲಿಸಬೇಕು ಎಂದು ವೆಬ್ ತಿದ್ದಿದರು. ಕೆಲವೇ ಸಮಯದಲ್ಲಿ ಬೌಸಾ ಆ ತಂಡದ ಸಂಗೀತ ನಿರ್ದೇಶಕರಾದರು. 1935ರಲ್ಲಿ ಎಲಾ ಫಿಟ್ಜ್‌ಜೆರಾಲ್ಡ್ ಎಂಬ ಹದಿಹರೆಯದ ಹುಡುಗಿಯನ್ನು ಗಾಯಕಿಯಾಗಿ ಸೇರಿಸಿಕೊಳ್ಳಲು ವೆಬ್ ಹಿಂದೆಮುಂದೆ ನೋಡಿದಾಗ ಆಕೆಯ ಪರ ನಿಂತವರಲ್ಲಿ ಬೌಸಾ ಒಬ್ಬರು.

ಮುಂದೆ ಅವರು ಕ್ಯಾಬ್ ಕ್ಯಾಲೊವೇ ಅವರ ಪ್ರಸಿದ್ಧ ತಂಡಕ್ಕೆ ಹೋದರು. ಡಿಜ್ಜಿ ಗಿಲೆಸ್ಪಿ ಆಗಿನ್ನೂ ಕೆಲಸ ಹುಡುಕುತ್ತಿದ್ದ ಯುವ ಟ್ರಂಪೆಟ್ ವಾದಕ. ಮೈ ಸರಿಯಿಲ್ಲವೆಂದು ನೆಪ ಹೇಳಿ ಒಂದು ರಾತ್ರಿ ಬೌಸಾ ತಮ್ಮ ಜಾಗಕ್ಕೆ ಗಿಲೆಸ್ಪಿಯನ್ನು ಕಳಿಸಿದರು, ಗಿಲೆಸ್ಪಿಯ ವಾದನ ಕ್ಯಾಲೊವೇ ಅವರ ಕಿವಿಗೆ ಬೀಳಲಿ ಎಂದು. 1939ರಲ್ಲಿ ಗಿಲೆಸ್ಪಿ ಆ ತಂಡ ಸೇರಿದರು. ಬೌಸಾ ಅವರ ಪಕ್ಕದಲ್ಲಿ ಕುಳಿತ ಆ ದಿನಗಳಲ್ಲಿ ಕ್ಯೂಬಾದ ತಾಳಗಳ ಮೊದಲ ಪಾಠ ಅವರಿಗೆ ಸಿಕ್ಕಿತು. ಜಾಝ್ ಚರಿತ್ರೆಯಲ್ಲಿ ಆ ಎರಡು ಕುರ್ಚಿಗಳ ನಡುವಣ ಮಾತುಕತೆಯಷ್ಟು ಫಲ ಕೊಟ್ಟ ಮಾತುಕತೆಗಳು ಹೆಚ್ಚಿಲ್ಲ.

ನ್ಯೂಯಾರ್ಕಿನ ಅತ್ಯುತ್ತಮ ತಂಡಗಳಲ್ಲಿ ಕೆಲಸ, ಒಳ್ಳೆಯ ಸಂಬಳ. ಬೇರೆಯವರಾಗಿದ್ದರೆ ಇಷ್ಟಕ್ಕೇ ನಿಲ್ಲುತ್ತಿದ್ದರು. ಬೌಸಾ ಅವರ ತಲೆಯಲ್ಲಿ ಒಂದು ವಾದ್ಯವೃಂದದ ದನಿ ವರ್ಷಗಳಿಂದ ಕೇಳಿಸುತ್ತಿತ್ತು: ಮೇಲೆ ಕ್ಯಾಲೊವೇ ತಂಡದ ಹಾಗೆ ಮೊಳಗುವ ಟ್ರಂಪೆಟ್ಟು, ಸ್ಯಾಕ್ಸೊಫೋನುಗಳು, ಕೆಳಗೆ ಹವಾನಾದ ಡೋಲುಗಳು. 1940ರಲ್ಲಿ ಅವರ ಭಾವಮೈದುನ, ಹವಾನಾದಿಂದ ಬಂದಿದ್ದ ಗಾಯಕ ಫ್ರ್ಯಾಂಕ್ ಗ್ರಿಲ್ಲೊ ನ್ಯೂಯಾರ್ಕಿನಲ್ಲಿ ಒಂದು ತಂಡ ಕಟ್ಟಿದರು. ಜನ ಅವರನ್ನು ಮಚೀತೊ ಎಂದು ಕರೆಯುತ್ತಿದ್ದರು. ಬೌಸಾ ಅದರ ಸಂಗೀತ ನಿರ್ದೇಶಕರಾಗಿ ಬಂದು ತಂಡವನ್ನು ಬೇರಿನಿಂದಲೇ ಹೊಸದಾಗಿ ಕಟ್ಟಿದರು. ಅದರ ಹೆಸರು ‘ಮಚೀತೊ ಅಂಡ್ ಹಿಸ್ ಆಫ್ರೋ-ಕ್ಯೂಬನ್ಸ್’. ಕಪ್ಪು ಕಲಾವಿದರು ಎಷ್ಟೋ ಹೋಟೆಲುಗಳ ಹಿಂಬಾಗಿಲಿನಿಂದ ವೇದಿಕೆಗೆ ಹೋಗಬೇಕಿದ್ದ ದಿನಗಳಲ್ಲಿ, ಆಫ್ರಿಕಾ ಎಂಬ ಬೇರನ್ನು ಹೀಗೆ ಹೆಸರಿನಲ್ಲೇ ಎತ್ತಿ ಹಿಡಿಯುವುದಕ್ಕೆ ಎದೆಗಾರಿಕೆ ಬೇಕಿತ್ತು.

ಬೌಸಾ ಏನು ಮಾಡಿದರೆಂದು ತಿಳಿಯಬೇಕಾದರೆ ‘ಕ್ಲಾವೆ’ ಎಂಬುದನ್ನು ತಿಳಿಯಬೇಕು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಸಂಕೇತ ಬಿಡಿಸುವ ಕೀಲಿ ಎಂಬ ಅರ್ಥವಿದೆ. ಗೇಣುದ್ದದ ಎರಡು ಗಟ್ಟಿಮರದ ಕೋಲುಗಳನ್ನು ಒಂದಕ್ಕೊಂದು ತಾಡಿಸಿ ನುಡಿಸುವ ವಾದ್ಯಕ್ಕೂ ಅದೇ ಮೂಲದ ಹೆಸರು. ಒಂದು ಆವರ್ತನವನ್ನು ಹದಿನಾರು ಸಮನಾದ ಎಣಿಕೆಗಳಾಗಿ ಎಣಿಸಿಕೊಂಡು 1, 4, 7, 11, 13ನೆಯ ಎಣಿಕೆಗಳ ಮೇಲೆ ಮಾತ್ರ ಪೆಟ್ಟು ಹಾಕಿದರೆ ಕ್ಯೂಬಾದ ‘ಸೋನ್’ ಸಂಗೀತದ ಕ್ಲಾವೆ ಸಿಗುತ್ತದೆ. ಓದುಗರು ಮೇಜಿನ ಮೇಲೆ ಬೆರಳಿನಿಂದ ಹಾಕಿ ನೋಡಬಹುದು. ಮೊದಲ ಅರ್ಧದಲ್ಲಿ ಮೂರು ಪೆಟ್ಟು, ಎರಡನೆಯ ಅರ್ಧದಲ್ಲಿ ಎರಡು. ಮೂರರ ಕಡೆ ಎಳೆದಾಟ, ಎರಡರ ಕಡೆ ನೆಮ್ಮದಿ. ಇದು ಸುತ್ತಿ ಸುತ್ತಿ ಬರುವಾಗ ಕಾಲು ತಾನಾಗಿ ಕದಲುತ್ತದೆ. ಮೂರನೆಯ ಪೆಟ್ಟನ್ನು ಒಂದೇ ಒಂದು ಎಣಿಕೆ ತಡಮಾಡಿ ಎಂಟರ ಮೇಲೆ ಹಾಕಿದರೆ ಅದು ‘ರುಂಬಾ’ ಕ್ಲಾವೆ. ಅಷ್ಟರಲ್ಲೇ ರುಚಿ ಬದಲಾಗುತ್ತದೆ.

ನಮ್ಮ ಸಂಗೀತದಲ್ಲಿ ತಾಳ ಹಾಕುವ ಕೈ ಲೆಕ್ಕವನ್ನು ಕಾಯುತ್ತದೆ. ಕ್ಲಾವೆಯ ಕೆಲಸ ಅಷ್ಟೇ ಅಲ್ಲ. ಹಾಡಿನ ಪ್ರತಿ ಸಾಲು, ಟ್ರಂಪೆಟ್ಟಿನ ಪ್ರತಿ ಒತ್ತು, ಪಿಯಾನೊದ ಪ್ರತಿ ಸುತ್ತು ಅದರ ಮೂರರ ಕಡೆಗೂ ಎರಡರ ಕಡೆಗೂ ಹೊಂದಿಕೊಂಡೇ ಹುಟ್ಟಬೇಕು. ಕೋಲುಗಳನ್ನು ಯಾರೂ ನುಡಿಸದಿದ್ದರೂ ಎಲ್ಲರ ಒಳಗಿವಿಯಲ್ಲಿ ಕ್ಲಾವೆ ನಡೆಯುತ್ತಲೇ ಇರುತ್ತದೆ. ಸಾಲು ಅದಕ್ಕೆ ಅಡ್ಡಬಿದ್ದರೆ ಕ್ಯೂಬಾದ ವಾದಕರು ‘ಕ್ರುಸಾದೊ’ ಎನ್ನುತ್ತಾರೆ, ಅಡ್ಡಾದಿಡ್ಡಿ ಆಯಿತು ಎಂದರ್ಥ. ಕೇಳುವವರಿಗೆ ಎಲ್ಲಿ ತಪ್ಪಿತೆಂದು ಗೊತ್ತಾಗದೆ ಹೋಗಬಹುದು, ಕುಣಿಯುವವರ ಕಾಲಿಗೆ ತಕ್ಷಣ ಗೊತ್ತಾಗುತ್ತದೆ.

ಜಾಝ್ ಬೇರೆ ನಡೆಯ ಸಂಗೀತ. ಅದರ ‘ಸ್ವಿಂಗ್’ ನಡೆಯಲ್ಲಿ ಒಂದು ಬಡಿತವನ್ನು ಎರಡಾಗಿ ಒಡೆದರೆ ಮೊದಲ ತುಂಡು ಉದ್ದ, ಎರಡನೆಯದು ಗಿಡ್ಡ. ಕ್ಯೂಬಾದ ನಡೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಜಾಝಿನ ಬಾಸ್ ಹೆಜ್ಜೆಹೆಜ್ಜೆಗೂ ಒಂದು ಸ್ವರವಿಟ್ಟು ನಡೆಯುತ್ತದೆ. ಕ್ಯೂಬಾದ ಬಾಸ್, ‘ತುಂಬಾವೊ’ ಎಂಬ ಅದರ ನಡೆ, ಸಮದ ಮೇಲೆ ಬೀಳುವುದನ್ನೇ ತಪ್ಪಿಸಿ, ಸಮ ಬರುವ ಮುನ್ನವೇ ಮುಂದಿನ ಸ್ವರವನ್ನು ಹಿಡಿದು ಕಾಯುತ್ತದೆ. ಜಾಝಿನಲ್ಲಿ ತಾಳದ ಭಾರವೆಲ್ಲ ಒಬ್ಬ ಡ್ರಮ್ಸ್ ವಾದಕನ ಕೈಕಾಲುಗಳ ಮೇಲೆ. ಕ್ಯೂಬಾದಲ್ಲಿ ಆ ಕೆಲಸ ಹಲವರಿಗೆ ಹಂಚಿಹೋಗಿ, ಒಬ್ಬೊಬ್ಬರೂ ತಮ್ಮ ಚಿಕ್ಕ ಲೆಕ್ಕವನ್ನು ಬಿಡದೆ ನುಡಿಸಿದಾಗ ಒಟ್ಟು ನೇಯ್ಗೆ ಮೂಡುತ್ತದೆ. ಇವೆರಡನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿದರೆ ಒಂದು ಇನ್ನೊಂದನ್ನು ನುಂಗುವ ಸಾಧ್ಯತೆಯೇ ಹೆಚ್ಚು.

ಬೌಸಾ ಅವರಿಗಿಂತ ಮೊದಲೂ ಕ್ಯೂಬಾದ ಎಳೆಗಳು ಅಮೆರಿಕದ ಸಂಗೀತದಲ್ಲಿ ಇದ್ದವು. ಡಬ್ಲ್ಯು.ಸಿ. ಹ್ಯಾಂಡಿ ಅವರ 1914ರ ‘ಸೇಂಟ್ ಲೂಯಿಸ್ ಬ್ಲೂಸ್’ ಹಾಡಿನ ನಡುಭಾಗ ಹವಾನಾದ ಹಬನೇರ ನಡೆಯಲ್ಲಿದೆ. ಆದರೆ ಅವೆಲ್ಲ ಸೀರೆಗೆ ಹಾಕಿದ ಅಂಚಿನ ಹಾಗೆ. ಬೌಸಾ ಹಾಸು-ಹೊಕ್ಕು ಎರಡನ್ನೂ ಬದಲಿಸಿದರು. ಕ್ಯಾಲೊವೇ ತಂಡಕ್ಕೆ ಸ್ವರ ಬರೆಯುತ್ತಿದ್ದವರ ನೆರವು ಪಡೆದು ಜಾಝಿನ ತುಂಬುದನಿಯ ಸ್ವರಮೇಳಗಳನ್ನು ಹಿತ್ತಾಳೆ ವಾದ್ಯಗಳಿಗೆ ತಂದರು. ಆ ಸಾಲುಗಳ ಒತ್ತುಗಳೆಲ್ಲ ಕ್ಲಾವೆಗೆ ಕೂಡುವಂತೆ ತಾವೇ ತಿದ್ದಿದರು. ತಾಳವಿಭಾಗದಲ್ಲಿ ಜೋಡಿ ಪುಟ್ಟ ಡೋಲುಗಳ ಬೊಂಗೊ, ಕೋಲಿನಿಂದ ಬಾರಿಸುವ ಲೋಹದ ತಿಂಬಾಲೆಸ್, ಅಂಗೈಯಿಂದ ನುಡಿಸುವ ಎತ್ತರದ ಕಾಂಗಾ, ಮೂರೂ ಒಟ್ಟಿಗೆ ಬಂದವು. ಇಂದು ಲ್ಯಾಟಿನ್ ತಂಡ ಎಂದೊಡನೆ ಕಣ್ಣಿಗೆ ಕಟ್ಟುವ ಈ ತ್ರಿವಳಿ ಆಗ ಹೊಸದು. ಮುಂದೆ ಪಿಯಾನೊದಲ್ಲಿ ರೆನೆ ಎರ್ನಾಂದೆಸ್, ಬೊಂಗೊದಲ್ಲಿ ಹೊಸೆ ಮಂಗ್ವಾಲ್, ತಿಂಬಾಲೆಸ್‌ನಲ್ಲಿ ಉಬಾಲ್ದೊ ನಿಯೆತೊ ಕುಳಿತ ಆ ಸಾಲಿಗೆ ನ್ಯೂಯಾರ್ಕಿನಲ್ಲಿ ಸಾಟಿ ಸಿಗುವುದು ಕಷ್ಟವಿತ್ತು. 1943ರಲ್ಲಿ ಮಚೀತೊ ಅವರನ್ನು ಸೇನೆ ಕರೆದಾಗ ಅವರ ಸಾಕುತಂಗಿ ಗ್ರಸಿಯೆಲಾ ಹವಾನಾದಿಂದ ಬಂದು ಹಾಡತೊಡಗಿದರು. ಬರೀ ಹೆಂಗಸರೇ ಇದ್ದ ‘ಅನಕವೋನ’ ಎಂಬ ಪ್ರಸಿದ್ಧ ತಂಡದಲ್ಲಿ ಹಾಡಿ ಪಳಗಿದ್ದ ಕಂಠ ಅದು.

ಅದೇ 1943ರ ಮೇ ತಿಂಗಳಲ್ಲಿ ‘ತಾಂಗ’ ಹುಟ್ಟಿತು. ಹುಟ್ಟಿದ ಬಗೆಯೇ ಕುತೂಹಲದ್ದು. ಕಾರ್ಯಕ್ರಮದ ನಡುವಿನ ಬಿಡುವಿನಲ್ಲಿ ಪಿಯಾನೊ ವಾದಕ ಲೂಯಿಸ್ ವರೋನ ‘ಎಲ್ ಬೊತೆಯೆರೊ’ ಎಂಬ ಹಾಡಿನ ಪೀಠಿಕೆಯನ್ನು ತಮ್ಮಷ್ಟಕ್ಕೆ ನುಡಿಸುತ್ತಿದ್ದರು, ಬಾಸ್ ವಾದಕ ಹೂಲಿಯೊ ಅಂದೀನೊ ಜೊತೆಗೂಡಿದರು. ಬೌಸಾ ಕಿವಿಗೊಟ್ಟರು. ಮುಂದಿನ ತಾಲೀಮಿನಲ್ಲಿ ಅದನ್ನೇ ಮತ್ತೆ ನುಡಿಸುವಂತೆ ಹೇಳಿ, ಒಂದೊಂದು ವಾದ್ಯಕ್ಕೂ ಅವರವರ ಸಾಲನ್ನು ಬಾಯಲ್ಲೇ ಹಾಡಿ ಒಪ್ಪಿಸಿದರು. ಮೊದಲು ಸ್ಯಾಕ್ಸೊಫೋನುಗಳು, ಅದರ ಮೇಲೆ ಟ್ರಂಪೆಟ್ಟುಗಳು, ಪದರದ ಮೇಲೆ ಪದರ. ಸ್ವರಮೇಳಗಳ ಬದಲಾವಣೆ ಬಹಳ ಕಡಿಮೆ. ಪಿಯಾನೊ ಮತ್ತು ಬಾಸ್‌ ಒಂದೇ ಸುತ್ತನ್ನು ಬಿಡದೆ ಹಿಡಿದಿರುತ್ತವೆ, ಅದರ ಮೇಲೆ ಒಬ್ಬೊಬ್ಬರೇ ಎದ್ದು ನಿಂತು ಜಾಝಿನ ಮನೋಧರ್ಮದಲ್ಲಿ ವಿಸ್ತರಿಸುತ್ತಾರೆ, ತೆರೆ ಏರಿದಂತೆ ಇಡೀ ತಂಡ ಏರುತ್ತದೆ. ಆಫ್ರಿಕಾ ಮೂಲದ ‘ತಾಂಗ’ ಎಂಬ ಪದಕ್ಕೆ ಗಾಂಜಾ ಎಂದರ್ಥ. ಸಂಗೀತದ ಅಮಲಿಗೆ ಆ ಹೆಸರು ಅಂಟಿಕೊಂಡಿತು. ಕ್ಲಾವೆಯನ್ನೇ ಅಸ್ತಿವಾರವಾಗಿ ಇಟ್ಟುಕೊಂಡ ಮೊದಲ ಜಾಝ್ ರಚನೆ ಎಂದು ಇದನ್ನು ಬಹುಮಂದಿ ಒಪ್ಪುತ್ತಾರೆ. ಇದರಲ್ಲಿ ಜಾಝ್ ತನ್ನ ಬಿಡುವನ್ನು ಬಿಟ್ಟುಕೊಟ್ಟಿಲ್ಲ, ಹವಾನಾ ತನ್ನ ಲೆಕ್ಕವನ್ನು ಬಿಟ್ಟುಕೊಟ್ಟಿಲ್ಲ. ಆ ಸಮತೂಕವೇ ಬೌಸಾ ಅವರ ಜೀವಮಾನದ ಹಟ.

1947ರಲ್ಲಿ ಗಿಲೆಸ್ಪಿ ಸ್ವಂತ ವಾದ್ಯವೃಂದ ನಡೆಸುತ್ತಿದ್ದರು. ಕಾಂಗಾ ನುಡಿಸುವವರು ಬೇಕೆಂದು ಹಳೆಯ ಗೆಳೆಯನನ್ನು ಕೇಳಿದರು. ಬೌಸಾ ಗಿಲೆಸ್ಪಿಯನ್ನು ಕರೆದುಕೊಂಡು ಹೋದದ್ದು ಆಗತಾನೆ ಹವಾನಾದಿಂದ ಬಂದಿಳಿದಿದ್ದ ಚಾನೊ ಪೊಸೊ ಅವರ ಬಳಿಗೆ. ಚಾನೊಗೆ ಇಂಗ್ಲಿಷ್ ಬಾರದು, ಗಿಲೆಸ್ಪಿಗೆ ಸ್ಪ್ಯಾನಿಷ್ ಬಾರದು, ಚಾನೊಗೆ ಸ್ವರಲಿಪಿಯೂ ಬಾರದು. ಆದರೂ ಆ ವರ್ಷದ ಸೆಪ್ಟೆಂಬರ್ 29ರಂದು ಕಾರ್ನೆಗಿ ಹಾಲ್‌ನ ವೇದಿಕೆಯಲ್ಲಿ, ಬಿಬಾಪ್ ಎಂಬ ಹೊಸ ಬಗೆಯ ಜಾಝ್ ನುಡಿಸುವ ತಂಡದ ನಡುವೆ, ಚಾನೊ ಅವರ ಕಾಂಗಾ ಮೊಳಗಿತು. ಡಿಸೆಂಬರಿನಲ್ಲಿ ಮುದ್ರಣಗೊಂಡ ‘ಮಾಂತೆಕ’ ಜಗತ್ತಿನೆಲ್ಲೆಡೆ ಹರಡಿತು. ಅದರ ಕೆಳಗಿನ ಸುತ್ತುಗಳೆಲ್ಲ ಚಾನೊ ಬಾಯಲ್ಲಿ ಹಾಡಿ ಹೇಳಿಕೊಟ್ಟವು, ನಡುಭಾಗ ಗಿಲೆಸ್ಪಿಯವರದು, ಇಡಿಯ ಜೋಡಣೆ ಗಿಲ್ ಫುಲ್ಲರ್ ಅವರದು. ಕಿವಿಗೊಟ್ಟು ಕೇಳಿದರೆ ಹೊಲಿಗೆ ಕಾಣುತ್ತದೆ: ಗಿಲೆಸ್ಪಿಯವರ ಭಾಗ ಬಂದಾಗ ತಂಡ ಸ್ವಿಂಗ್ ನಡೆಗೆ ಜಾರುತ್ತದೆ, ಮುಗಿದೊಡನೆ ಚಾನೊ ಅವರ ಸುತ್ತಿಗೆ ಮರಳುತ್ತದೆ. ‘ತಾಂಗ’ದಲ್ಲಿ ಇಂಥ ಹೊಲಿಗೆ ಇಲ್ಲ. ‘ಮಾಂತೆಕ’ದ ದೊಡ್ಡತನ ಇದರಿಂದ ಕುಗ್ಗುವುದಿಲ್ಲ, ಆದರೆ ಬೌಸಾ ಸಾಧಿಸಿದ್ದು ಎಷ್ಟು ಕಷ್ಟದ್ದೆಂಬುದು ಈ ಎರಡನ್ನೂ ಒಟ್ಟಿಗೆ ಕೇಳಿದಾಗಲೇ ತಿಳಿಯುತ್ತದೆ. ಚಾನೊ ಹೆಚ್ಚು ದಿನ ಬಾಳಲಿಲ್ಲ. 1948ರ ಡಿಸೆಂಬರಿನಲ್ಲಿ ಹಾರ್ಲೆಮ್‌ನ ಹೆಂಡದಂಗಡಿಯೊಂದರಲ್ಲಿ ಗುಂಡಿಗೆ ಬಲಿಯಾದರು.

ಆ ಹೊತ್ತಿಗೆ ಜಾಝಿನ ದೊಡ್ಡವರೆಲ್ಲ ಮಚೀತೊ ತಂಡದ ಕಡೆ ತಿರುಗಿದ್ದರು. ಸ್ಟಾನ್ ಕೆಂಟನ್ 1947ರಲ್ಲಿ ‘ಮಚೀತೊ’ ಎಂಬ ಹೆಸರಿನದೇ ರಚನೆಯನ್ನು ಮುದ್ರಿಸಿದರು. 1948ರಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಈ ತಂಡದೊಂದಿಗೆ ‘ಮಾಂಗೊ ಮಾಂಗ್ವೆ’ ನುಡಿಸಿದರು. ಕ್ಲಾವೆಯ ಶಿಕ್ಷಣವಿಲ್ಲದ ಪಾರ್ಕರ್ ಅದರ ಮೇಲೆ ನೀರಿನಂತೆ ಹರಿದದ್ದು ಇಂದು ಕೇಳಿದರೂ ಬೆರಗು ಹುಟ್ಟಿಸುತ್ತದೆ. 1950ರ ಡಿಸೆಂಬರಿನಲ್ಲಿ ಹವಾನಾದವರೇ ಆದ ಚೀಕೊ ಒ’ಫಾರಿಲ್ ಬರೆದ ‘ಆಫ್ರೋ-ಕ್ಯೂಬನ್ ಜಾಝ್ ಸ್ವೀಟ್’ ಎಂಬ ದೀರ್ಘ ಕೃತಿಯನ್ನು ಪಾರ್ಕರ್ ಜೊತೆಗೂಡಿ ಇದೇ ತಂಡ ಮುದ್ರಿಸಿತು. ಇನ್ನೊಂದು ಕಡೆ ಬ್ರಾಡ್‌ವೇ ಮತ್ತು 53ನೆಯ ಬೀದಿ ಕೂಡುವೆಡೆಯ ಪಲೇಡಿಯಮ್ ನೃತ್ಯಮಂದಿರದಲ್ಲಿ ಮ್ಯಾಂಬೊ ಕುಣಿತದ ಹುಚ್ಚು ಹತ್ತಿತ್ತು. ಕಪ್ಪು ಜನ, ಬಿಳಿಯರು, ಪೋರ್ಟೊ ರಿಕೊದವರು, ಯಹೂದಿಗಳು ಒಂದೇ ನೆಲದ ಮೇಲೆ ಕುಣಿದರು. ನಗರದ ಉಳಿದೆಡೆ ಬೇರೆಬೇರೆಯಾಗಿ ಇರುತ್ತಿದ್ದ ಜನರನ್ನು ಒಟ್ಟುಗೂಡಿಸಿದ್ದು ಆ ತಾಳ. ಮಚೀತೊ ತಂಡದಲ್ಲಿ ತಿಂಬಾಲೆಸ್ ನುಡಿಸಿದ್ದ ತೀತೊ ಪ್ವೆಂತೆ ಈಗ ಸ್ವಂತ ತಂಡದೊಂದಿಗೆ ಅಲ್ಲಿಯೇ ಮೆರೆಯುತ್ತಿದ್ದರು.

ಕ್ಯೂಬಾದ 1959ರ ಕ್ರಾಂತಿಯ ಬಳಿಕ ಅಮೆರಿಕ ಹೇರಿದ ದಿಗ್ಬಂಧನದಿಂದ ಹವಾನಾಕ್ಕೂ ನ್ಯೂಯಾರ್ಕಿಗೂ ಇದ್ದ ಹಡಗಿನ ದಾರಿ ಕಡಿದುಹೋಯಿತು. ದ್ವೀಪದಲ್ಲಿ ಉಳಿದವರು ತಮ್ಮದೇ ದಾರಿ ಹಿಡಿದರು. 1973ರಲ್ಲಿ ಪಿಯಾನೊ ವಾದಕ ಚೂಚೊ ವಾಲ್ದೆಸ್ ಕಟ್ಟಿದ ‘ಇರಾಕೆರೆ’ ಅದರ ಉತ್ತಮ ಫಲ. ಇತ್ತ ನ್ಯೂಯಾರ್ಕಿನಲ್ಲಿ 1966ರ ಹೊತ್ತಿಗೆ ಪಲೇಡಿಯಮ್ ಮುಚ್ಚಿತು, ರಾಕ್ ಸಂಗೀತದ ಮುಂದೆ ದೊಡ್ಡ ವಾದ್ಯವೃಂದಗಳನ್ನು ಸಾಕುವುದು ದುಬಾರಿಯಾಯಿತು. ಅದೇ ಸಂಗೀತ ‘ಸಾಲ್ಸಾ’ ಎಂಬ ಹೊಸ ಹೆಸರಿನಲ್ಲಿ ಮಾರಾಟವಾಗತೊಡಗಿತು. ಬೌಸಾ ಅವರಿಗೆ ಇಂಥ ಹೆಸರುಗಳು ಹಿಡಿಸುತ್ತಿರಲಿಲ್ಲ. ‘ಲ್ಯಾಟಿನ್ ಜಾಝ್’ ಎಂಬುದನ್ನೂ ಅವರು ಒಪ್ಪಲಿಲ್ಲ. ಅದರಲ್ಲಿ ಆಫ್ರಿಕಾವೂ ಇಲ್ಲ, ಕ್ಯೂಬಾವೂ ಇಲ್ಲ. ಆಫ್ರೋ-ಕ್ಯೂಬನ್ ಎಂದೇ ಕರೆಯಬೇಕೆಂದು ಕೊನೆಯವರೆಗೂ ಒತ್ತಾಯಿಸಿದರು. ಅದು ಮೊಂಡುತನವಲ್ಲ, ಯಾರ ಬೆವರಿನಿಂದ ಈ ತಾಳ ಉಳಿದು ಬಂತೋ ಅವರ ಹೆಸರು ಅಳಿಸಬಾರದೆಂಬ ಕಳಕಳಿ.

1970ರ ದಶಕದ ನಡುವಿನಲ್ಲಿ, ಚಿಕ್ಕದು ಮಾಡಿದ ತಂಡದೊಂದಿಗೆ ಯುರೋಪ್ ಪ್ರವಾಸ ಹೋಗುವ ವಿಷಯದಲ್ಲಿ ಮಚೀತೊ ಅವರೊಂದಿಗೆ ಅಭಿಪ್ರಾಯಭೇದ ಬಂದು, ಬೌಸಾ ತಾವೇ ಕಟ್ಟಿದ ತಂಡದಿಂದ ಹೊರಬಂದರು. ಗ್ರಸಿಯೆಲಾ ಕೂಡ ಜೊತೆಗೆ ಬಂದರು. ಪೂರ್ಣ ವಾದ್ಯವೃಂದದ ತುಂಬುದನಿ ಇಲ್ಲದೆ ಆ ಸಂಗೀತವನ್ನು ಊಹಿಸಿಕೊಳ್ಳುವುದು ಅವರಿಂದಾಗಲಿಲ್ಲ. ಮಚೀತೊ 1984ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಆ ವರ್ಷಗಳಲ್ಲಿ ಬೌಸಾ ಅವರನ್ನು ಕೇಳುವವರು ಕಡಿಮೆ. ಆದರೂ ತಮ್ಮದೇ ತಂಡವೊಂದನ್ನು ಅವರು ಹೇಗೋ ಉಳಿಸಿಕೊಂಡರು.

ಎಂಬತ್ತು ತುಂಬಿದ ಮೇಲೆ ಬಾಗಿಲು ತೆರೆಯಿತು. 1991ರಲ್ಲಿ ನ್ಯೂಯಾರ್ಕಿನ ಸಿಂಫನಿ ಸ್ಪೇಸ್ ರಂಗಮಂದಿರದಲ್ಲಿ ಅವರ ಹುಟ್ಟುಹಬ್ಬದ ಗೌರವ ಕಚೇರಿ ನಡೆಯಿತು. ಜರ್ಮನಿಯ ಮೆಸಿದೋರ್ ಸಂಸ್ಥೆ ಅವರ ದೊಡ್ಡ ವಾದ್ಯವೃಂದದ ಧ್ವನಿಮುದ್ರಣಕ್ಕೆ ಮುಂದಾಯಿತು. 1943ರಲ್ಲಿ ತಾಲೀಮಿನ ಕೋಣೆಯಲ್ಲಿ ಬಾಯಲ್ಲಿ ಹಾಡಿ ಹೇಳಿಕೊಟ್ಟ ‘ತಾಂಗ’ವನ್ನು ಚೀಕೊ ಒ’ಫಾರಿಲ್ ಈಗ ಐದು ಭಾಗಗಳ ದೀರ್ಘ ಕೃತಿಯಾಗಿ ಬೆಳೆಸಿದರು. ಅದೇ ಹೆಸರಿನ ಸಂಪುಟ 1992ರಲ್ಲಿ ಬಂತು, ಹಿಂದೆಯೇ ‘ಮೈ ಟೈಮ್ ಈಸ್ ನೌ’ ಬಂತು. ಮೂರು ದಶಕಗಳಿಗೂ ಹೆಚ್ಚು ಕಾಲ ಬೇರೊಬ್ಬರ ಹೆಸರಿನ ತಂಡದಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದವರ ಹೆಸರು ಮುಖಪುಟದ ಮೇಲೆ ದೊಡ್ಡ ಅಕ್ಷರಗಳಲ್ಲಿ ಮೂಡಿತು.

ಮೂರನೆಯ ಸಂಪುಟದ ಮುದ್ರಣ 1993ರಲ್ಲಿ, ಸಾವಿಗೆ ಕೆಲವೇ ವಾರಗಳ ಮುನ್ನ ನಡೆಯಿತು. ಕ್ಯಾನ್ಸರ್ ಆಗಲೇ ಮೈಯನ್ನು ತಿಂದಿತ್ತು. ಜುಲೈ 11ರಂದು ಬೌಸಾ ತೀರಿಕೊಂಡರು. ಅವರ ನಂತರ ಹೊರಬಂದ ಆ ಸಂಪುಟದ ಹೆಸರು ‘944 ಕೊಲಂಬಸ್’: ಮ್ಯಾನ್‌ಹಟನ್ನಿನ ಕೊಲಂಬಸ್ ಅವೆನ್ಯೂದಲ್ಲಿ ಅವರು ಬಾಳಿದ ಮನೆಯ ವಿಳಾಸ.